ನಿಮ್ಮದೇ ಲೈಬ್ರರಿಯನ್ನು ಬಳಸುವಾಗ ಬರುವ ಲಿಂಕರ್ ದೋಷಗಳನ್ನು ಸರಿಪಡಿಸುವ ಬಗೆ

ಸಿ ಅಥವಾ ಸಿ ಪ್ಲಸ್ ಪ್ಲಸ್‌ನಲ್ಲಿ ನೀವೇ ಬರೆದ ಲೈಬ್ರರಿಯನ್ನು ಹೊಸ ಪ್ರೋಗ್ರಾಮಿನಲ್ಲಿ ಬಳಸಹೊರಟಾಗ, ಕಂಪೈಲರ್ ಯಾವ ತಕರಾರೂ ಇಲ್ಲದೆ ತನ್ನ ಕೆಲಸ ಮುಗಿಸಿದ ಮೇಲೆ ‘ಅನ್‌ಡಿಫೈನ್ಡ್ ರೆಫರೆನ್ಸ್’ ಎಂಬ ಸಂದೇಶ ಬಂದರೆ, ಹೆಡರ್ ಕಡತವನ್ನು ಸೇರಿಸಿದ ಸಾಲನ್ನೇ ಮತ್ತೆ ಮತ್ತೆ ತಿದ್ದಿ ಫಲವಿಲ್ಲ. ಇಂಥದ್ದೊಂದು ಫಂಕ್ಷನ್ ಇದೆಯೆಂದು ಹೆಡರ್ ಮಾತು ಕೊಡುತ್ತದೆ. ಅದನ್ನು ನಡೆಸಿಕೊಡಬೇಕಾದದ್ದು ಲೈಬ್ರರಿ ಕಡತ. ಕಂಪೈಲ್ ಆದ ತುಣುಕುಗಳನ್ನು ಜೋಡಿಸಿ ಪ್ರೋಗ್ರಾಮ್ ಕಟ್ಟುವ ಲಿಂಕರ್ ನಿಮ್ಮ ಸೋರ್ಸ್ ಕೋಡನ್ನು ಓದುವುದಿಲ್ಲ, ಸಿಂಬಲ್‌ಗಳೆಂಬ ಹೆಸರುಗಳನ್ನಷ್ಟೇ ಹೊಂದಿಸಿ ನೋಡುತ್ತದೆ. ಆದ್ದರಿಂದ ಅದು ಹುಡುಕುತ್ತಿರುವ ಹೆಸರು ಲೈಬ್ರರಿಯೊಳಗೆ ನಿಜವಾಗಿಯೂ ಇದೆಯೇ ಎಂಬ ಪ್ರಶ್ನೆಯಿಂದಲೇ ಶೋಧ ಶುರುವಾಗಬೇಕು. ವಿಷುವಲ್ ಸ್ಟುಡಿಯೋದಲ್ಲಿ ಇದೇ ದೋಷಕ್ಕೆ ಎಲ್‌ಎನ್‌ಕೆ2019 ಎಂಬ ಗುರುತಿದೆ. ಮುಂದಿನ ವಿವರಗಳು ಹೆಚ್ಚಾಗಿ ಲಿನಕ್ಸ್ ಮತ್ತು ಜಿಸಿಸಿ ಕಂಪೈಲರಿಗೆ ಸಂಬಂಧಿಸಿದವು.

ಲೈಬ್ರರಿಯೇ ಸಿಗಲಿಲ್ಲವೆಂದು ಲಿಂಕರ್ ಹೇಳಿದರೆ ಪರಿಹಾರ ಸುಲಭ. ಲಿಂಕ್ ಮಾಡುವ ಆಜ್ಞೆಯಲ್ಲಿ ಸಣ್ಣಕ್ಷರದ ಎಲ್ ಆಯ್ಕೆಗೆ ‘ಗಣಿತ’ ಎಂಬ ಹೆಸರು ಕೊಟ್ಟರೆ ಅದು ಹುಡುಕುವುದು ‘ಲಿಬ್‌ಗಣಿತ’ ಎಂಬ ಕಡತವನ್ನು; ಹೆಸರಿನ ಮೊದಲಲ್ಲಿ ‘ಲಿಬ್’ ಇರಲೇಬೇಕು, ಕಡತವಿರುವ ಫೋಲ್ಡರನ್ನು ದೊಡ್ಡಕ್ಷರದ ಎಲ್ ಆಯ್ಕೆಯಿಂದ ತಿಳಿಸಬೇಕು.

ಕಡತ ಸಿಕ್ಕಿಯೂ ಹೆಸರು ಸಿಗದಿದ್ದಾಗ ಸಿಂಬಲ್‌ಗಳನ್ನು ಪಟ್ಟಿಮಾಡುವ ‘ಎನ್‌ಎಂ’ ಎಂಬ ಸಾಧನವನ್ನು ಲೈಬ್ರರಿಯ ಮೇಲೆ ಓಡಿಸಿ. ಹೆಸರಿನ ಎಡಕ್ಕೆ ‘ಟಿ’ ಎಂದಿದ್ದರೆ ಆ ಫಂಕ್ಷನ್ನಿನ ಕೋಡ್ ಅಲ್ಲಿದೆಯೆಂದೂ, ‘ಯು’ ಎಂದಿದ್ದರೆ ಲೈಬ್ರರಿಯೇ ಅದನ್ನು ಬೇರೆಡೆಯಿಂದ ನಿರೀಕ್ಷಿಸುತ್ತಿದೆಯೆಂದೂ ಅರ್ಥ. ಹೆಸರೇ ಇಲ್ಲದಿದ್ದರೆ ಆ ಸೋರ್ಸ್ ಕಡತ ಬಿಲ್ಡ್‌ಗೆ ಸೇರಿಲ್ಲ, ಇಲ್ಲವೇ ನೀವು ಲೈಬ್ರರಿಯ ಹಳೆಯ ಪ್ರತಿಯನ್ನು ಜೋಡಿಸುತ್ತಿದ್ದೀರಿ. ಬೇರೊಂದು ಫೋಲ್ಡರಿನಲ್ಲಿ ಉಳಿದಿದ್ದ ಹಳೆಯ ಪ್ರತಿಯಿಂದಾಗಿ ನಾನು ಇಡೀ ಮಧ್ಯಾಹ್ನ ಕಳೆದುಕೊಂಡದ್ದುಂಟು. ಕಂಪೈಲ್ ಆದ ತುಣುಕುಗಳನ್ನು, ಎಂದರೆ ಆಬ್ಜೆಕ್ಟ್ ಕಡತಗಳನ್ನು, ಆರ್ಕೈವ್ ಎಂಬ ಒಂದೇ ಲೈಬ್ರರಿ ಕಡತವಾಗಿ ಕಟ್ಟುವ ‘ಎಆರ್’ ಸಾಧನ, ಅದಕ್ಕೆ ಹೊಸದನ್ನು ಸೇರಿಸುವಾಗ ನೀವು ಕೈಬಿಟ್ಟ ಹಳೆಯ ಆಬ್ಜೆಕ್ಟ್ ಕಡತಗಳನ್ನು ತಾನಾಗಿ ತೆಗೆಯುವುದಿಲ್ಲ. ಹಾಗಾಗಿ ಆರ್ಕೈವನ್ನು ಅಳಿಸಿ ಹೊಸದಾಗಿ ಕಟ್ಟುವುದು ಕ್ಷೇಮ.

ಹೆಚ್ಚು ಜನರನ್ನು ದಾರಿ ತಪ್ಪಿಸುವುದು, ಹೆಸರು ಇದ್ದಂತೆ ಕಂಡರೂ ಬೇರೆಯಾಗಿರುವ ಸಂದರ್ಭ. ಸಿ ಪ್ಲಸ್ ಪ್ಲಸ್ ಕಂಪೈಲರ್ ಫಂಕ್ಷನ್ನಿನ ಹೆಸರಿನೊಳಗೆ ಅದರ ಆರ್ಗ್ಯುಮೆಂಟುಗಳ ಟೈಪನ್ನೂ ನೇಮ್‌ಸ್ಪೇಸನ್ನೂ ಹೊಸೆಯುತ್ತದೆ. ಸಿ ಕಂಪೈಲರ್ ಹಾಗೆ ಮಾಡುವುದಿಲ್ಲ. ದೋಷದ ಸಂದೇಶದಲ್ಲಿ ಹೆಸರಿನ ಜೊತೆ ಆವರಣದೊಳಗೆ ಟೈಪುಗಳೂ ಕಾಣಿಸಿ, ‘ಎನ್‌ಎಂ’ ಪಟ್ಟಿಯಲ್ಲಿ ಮಾತ್ರ ಬರಿಯ ಹೆಸರಿದ್ದರೆ, ಲೈಬ್ರರಿಯನ್ನು ಸಿ ಭಾಷೆಯಲ್ಲಿ ಕಟ್ಟಿ ಸಿ ಪ್ಲಸ್ ಪ್ಲಸ್‌ನಿಂದ ಕರೆಯುತ್ತಿದ್ದೀರಿ ಎಂದು ತಿಳಿಯಬಹುದು. ಆಗ ಹೆಡರಿನ ಘೋಷಣೆಗಳನ್ನು ‘ಎಕ್ಸ್‌ಟರ್ನ್ ಸಿ’ ಒಳಗೆ ಇಡಬೇಕು. ಆ ಸಾಲು ಸಿ ಕಂಪೈಲರಿಗೆ ಅರ್ಥವಾಗದ ಕಾರಣ ಅದನ್ನು ‘ಇಫ್‌ಡೆಫ್’ ಎಂಬ ಷರತ್ತಿನ ಮೂಲಕ ಮರೆಮಾಡಬೇಕು. ಎರಡೂ ಕಡೆ ಸಿ ಪ್ಲಸ್ ಪ್ಲಸ್ ಆಗಿದ್ದರೆ, ಹೆಡರಿನಲ್ಲೊಂದು ‘ಕಾನ್ಸ್ಟ್’ ಇದ್ದು ಸೋರ್ಸಿನಲ್ಲಿ ಇಲ್ಲದಿರುವಂಥ ಸಣ್ಣ ವ್ಯತ್ಯಾಸಗಳನ್ನು ಹುಡುಕಿ. ಸಂದೇಶದಲ್ಲಿ ‘ಸಿಎಕ್ಸ್‌ಎಕ್ಸ್11’ ಎಂಬ ತುಣುಕು ಕಂಡರೆ, 2015ರ ಜಿಸಿಸಿ 5ರಲ್ಲಿ ಸ್ಟ್ರಿಂಗ್‌ನ ಒಳರಚನೆ ಬದಲಾದದ್ದನ್ನು ನೆನೆದು, ಲೈಬ್ರರಿಯನ್ನೂ ಪ್ರೋಗ್ರಾಮನ್ನೂ ಒಂದೇ ಕಂಪೈಲರಿನಿಂದ, ಒಂದೇ ಆಯ್ಕೆಗಳೊಂದಿಗೆ ಮತ್ತೆ ಕಟ್ಟಬೇಕು. ಟೆಂಪ್ಲೇಟುಗಳಾದರೆ ಅವುಗಳ ಪೂರ್ಣ ಕೋಡನ್ನು ಹೆಡರಿನಲ್ಲೇ ಇಡುವುದು ವಾಡಿಕೆ.

ಹೆಸರು ಅಕ್ಷರಶಃ ಹೊಂದಿಕೊಂಡೂ ದೋಷ ಉಳಿದರೆ ಆಜ್ಞೆಯಲ್ಲಿನ ಅನುಕ್ರಮವನ್ನು ನೋಡಿ. ಲಿಂಕರ್ ಎಡದಿಂದ ಬಲಕ್ಕೆ ಸಾಗುತ್ತದೆ, ಸ್ಟ್ಯಾಟಿಕ್ ಲೈಬ್ರರಿಯೊಂದು, ಎಂದರೆ ಆರ್ಕೈವ್ ಕಡತವೊಂದು, ಎದುರಾದಾಗ ಆವರೆಗೆ ಬಾಕಿ ಇರುವ ಹೆಸರುಗಳಿಗೆ ಬೇಕಾದ ಆಬ್ಜೆಕ್ಟುಗಳನ್ನಷ್ಟೇ ಅದರಿಂದ ಎತ್ತಿಕೊಂಡು ಮುಂದುವರಿಯುತ್ತದೆ. ಆದಕಾರಣ ಮೊದಲು ನಿಮ್ಮ ಆಬ್ಜೆಕ್ಟ್ ಕಡತಗಳು, ಆಮೇಲೆ ಅವು ಬಳಸುವ ಲೈಬ್ರರಿ, ಕೊನೆಗೆ ಆ ಲೈಬ್ರರಿ ಅವಲಂಬಿಸಿರುವ ಇನ್ನೊಂದು ಬರಬೇಕು.

‘ಮಲ್ಟಿಪಲ್ ಡೆಫಿನಿಷನ್’ ಎಂಬುದು ಇದಕ್ಕೆ ತಿರುಗುಮುರುಗಾದ ದೋಷ: ಒಂದೇ ಹೆಸರು ಒಂದಕ್ಕಿಂತ ಹೆಚ್ಚು ಕಡೆ ಸಿಕ್ಕಿದೆ. ಹೆಡರಿನಲ್ಲೇ ಫಂಕ್ಷನ್ನಿನ ಕೋಡ್ ಇದ್ದರೆ ಅದನ್ನು ಸೋರ್ಸಿಗೆ ಸಾಗಿಸಿ, ಅಥವಾ ಸಿ ಪ್ಲಸ್ ಪ್ಲಸ್‌ನಲ್ಲಾದರೆ ‘ಇನ್‌ಲೈನ್’ ಎನ್ನಿ. ಗ್ಲೋಬಲ್ ವೇರಿಯಬಲ್ಲಿಗೆ ಹೆಡರಿನಲ್ಲಿ ‘ಎಕ್ಸ್‌ಟರ್ನ್’ ಸೇರಿಸಿ ಒಂದೇ ಸೋರ್ಸ್ ಕಡತದಲ್ಲಿ ಅದನ್ನು ವ್ಯಾಖ್ಯಾನಿಸಿ. ‘ಎಕ್ಸ್‌ಟರ್ನ್’ ಇಲ್ಲದೆ ಹೆಡರಿನಲ್ಲಿಟ್ಟ ಇಂಥ ವೇರಿಯಬಲ್ಲುಗಳನ್ನು ಹಿಂದೆ ಸಿ ಕೋಡಿನಲ್ಲಿ ಸಹಿಸುತ್ತಿದ್ದ ಜಿಸಿಸಿ, 2020ರ 10ನೇ ಆವೃತ್ತಿಯಿಂದ ಪೂರ್ವನಿಯೋಜಿತವಾಗಿ ಸಹಿಸುವುದಿಲ್ಲ.

ಲಿಂಕಿಂಗ್ ಮುಗಿದು, ಪ್ರೋಗ್ರಾಮನ್ನು ಓಡಿಸಿದಾಗ ಡಾಟ್ ಎಸ್‌ಒ ಕಡತ, ಎಂದರೆ ಓಡುವಾಗ ಜೋಡಿಸಿಕೊಳ್ಳುವ ಲೈಬ್ರರಿ, ಸಿಗಲಿಲ್ಲವೆಂದು ಬಂದರೆ ಅದು ಲಿಂಕರಿನ ದೋಷವಲ್ಲ, ಪ್ರೋಗ್ರಾಮನ್ನು ಮೆಮೊರಿಗೆ ತರುವ ಲೋಡರಿನ ದೂರು. ‘ಎಲ್‌ಡಿಡಿ’ ಓಡಿಸಿ, ಸಿಗದಿರುವ ಲೈಬ್ರರಿ ಯಾವುದೆಂದು ನೋಡಿ, ಅದರ ಜಾಗವನ್ನು ‘ಆರ್‌ಪಾತ್’ ಮೂಲಕ ಪ್ರೋಗ್ರಾಮಿನಲ್ಲೇ ದಾಖಲಿಸಿ.