ಸಾಲ್ಸಾ ಹಾಡಿನ ಶ್ರುತಿಯನ್ನು 432 ಹರ್ಟ್ಸ್‌ಗೆ ಇಳಿಸಿ ಕೇಳುವ ಬಗೆ

ಲ್ಯಾಟಿನ್ ಅಮೆರಿಕದ ಕುಣಿತದ ಸಂಗೀತವಾದ ಸಾಲ್ಸಾವನ್ನೂ 432 ಹರ್ಟ್ಸ್‌ನಲ್ಲಿ ಕೇಳಿದರೆ ಹೆಚ್ಚು ಹಿತ ಅನ್ನುವವರಿದ್ದಾರೆ. ಈಗಿನ ರೂಢಿಯಲ್ಲಿ ಮಧ್ಯ ಸ್ಥಾಯಿಯ 'ಎ' ಸ್ವರಕ್ಕೆ 440 ಹರ್ಟ್ಸ್. ಅದನ್ನು 432ಕ್ಕೆ ತಂದರೆ ಇಡೀ ಹಾಡು ಸುಮಾರು 32 ಸೆಂಟ್ಸ್ ಕೆಳಗಿಳಿಯುತ್ತದೆ, ಅಂದರೆ ಅರ್ಧಸ್ವರದ ಮೂರನೇ ಒಂದು ಪಾಲು.

ಮೊದಲು ಹಾಡು ಈಗ ಯಾವ ಶ್ರುತಿಯಲ್ಲಿದೆ ಅಂತ ಅಳೆಯಿರಿ. 1960–70ರ ದಶಕದ ನ್ಯೂಯಾರ್ಕ್ ಸಾಲ್ಸಾ ಟೇಪಿನ ಮೇಲೆ ಮುದ್ರಣವಾದದ್ದು. ಟೇಪಿನ ವೇಗ ಕೊಂಚ ಆಚೀಚೆ ಆಗಿದ್ದರೂ 440ರ ಲೆಕ್ಕ ತಪ್ಪುತ್ತದೆ. ಪಿಯಾನೊ ಮೊಂಟೂನೊವನ್ನಷ್ಟೇ (ಮತ್ತೆಮತ್ತೆ ಬರುವ ಸ್ವರಗುಚ್ಛ) ನುಡಿಸುವ ಜಾಗ ಹುಡುಕಿ, ಶ್ರುತಿ ಅಳೆಯುವ ಟ್ಯೂನರ್ ಹಿಡಿಯಿರಿ. ಟ್ರಂಪೆಟ್ ನಂಬಬೇಡಿ, ಬಿಸಿಯಾದಂತೆ ಅದರ ಶ್ರುತಿ ಏರುತ್ತದೆ. ಬಾಸ್‌ನಲ್ಲಿ ಬೆರಳು ಜಾರುತ್ತಲೇ ಇರುತ್ತದೆ.

432ನ್ನು ಅಳೆದಾಗ ಸಿಕ್ಕ 'ಎ' ಸ್ವರದ ಹರ್ಟ್ಸ್‌ನಿಂದ ಭಾಗಿಸಿ, 1 ಕಳೆದು, 100ರಿಂದ ಗುಣಿಸಿ; ಎಷ್ಟು ಶೇಕಡಾ ಇಳಿಸಬೇಕೆಂದು ಸಿಗುತ್ತದೆ. 440 ಇದ್ದರೆ −1.818 ಶೇಕಡಾ, 443 ಇದ್ದರೆ −2.483.

ಧ್ವನಿ ತಿದ್ದುವ ತಂತ್ರಾಂಶವಾದ ಆಡಾಸಿಟಿಯಲ್ಲಿ ಹಾಡು ತೆರೆದು, ಮೊದಲು ಧ್ವನಿಮಟ್ಟವನ್ನು 1 ಡೆಸಿಬೆಲ್ ತಗ್ಗಿಸಿ. ಇಲ್ಲದಿದ್ದರೆ ಸಂಸ್ಕರಣೆಯಲ್ಲಿ ಧ್ವನಿಯ ಏರುತುದಿಗಳು ಮಿತಿ ಮೀರಿ ಒಡೆದು ಕೇಳಬಹುದು. ಆಮೇಲೆ ದಾರಿ ಎರಡು. 'ಚೇಂಜ್ ಪಿಚ್' ಲಯ ಉಳಿಸಿ ಶ್ರುತಿಯನ್ನಷ್ಟೇ ಇಳಿಸುತ್ತದೆ. 'ಚೇಂಜ್ ಸ್ಪೀಡ್' (ಹೊಸ ಆವೃತ್ತಿಗಳಲ್ಲಿ 'ಚೇಂಜ್ ಸ್ಪೀಡ್ ಅಂಡ್ ಪಿಚ್') ಎರಡನ್ನೂ ಇಳಿಸುತ್ತದೆ: ನಿಮಿಷಕ್ಕೆ 190 ಬೀಟ್ ಇದ್ದದ್ದು 186.5ಕ್ಕೆ ಬರುತ್ತದೆ, ಐದು ನಿಮಿಷದ ಹಾಡು ಐದೂವರೆ ಸೆಕೆಂಡು ಉದ್ದವಾಗುತ್ತದೆ.

ಸಾಲ್ಸಾಕ್ಕೆ ಎರಡನೆಯದೇ ಮೇಲು. ಪಿಚ್ ಮಾತ್ರ ಬದಲಿಸುವಾಗ ತಂತ್ರಾಂಶ ಧ್ವನಿಯನ್ನು ತುಂಡುತುಂಡಾಗಿ ಹಿಗ್ಗಿಸಬೇಕಾಗುತ್ತದೆ. ದೀರ್ಘ ಸ್ವರಗಳಿಗೆ ಅದರಿಂದ ಹೆಚ್ಚು ಹಾನಿಯಿಲ್ಲ; ಪೆಟ್ಟುಗಳಿಗೆ ಇದೆ. ತಾಳ ಹಿಡಿಯುವ ಮರದ ಕೋಲುಗಳಾದ ಕ್ಲಾವೆಯ ಒಂದೇ 'ಟಕ್' ಎರಡಾಗಿ 'ಟ-ಟಕ್' ಅನ್ನುತ್ತದೆ, ಲೋಹದ ಗಂಟೆಯಾದ ಕೌಬೆಲ್‌ನ ಮೊನೆ ಸವೆಯುತ್ತದೆ, ಕೈಯಿಂದ ಬಾರಿಸುವ ಕಾಂಗಾ ಡೋಲಿನ ಚಪ್ಪಳೆ ಪೆಟ್ಟು ಮೆತ್ತಗಾಗುತ್ತದೆ. ಈ ಸಂಗೀತ ನಿಂತಿರುವುದೇ ಅವುಗಳ ಮೇಲೆ. ಕುಣಿಯುವವರಿಗೆ ವೇಗದ ಆ ಕೊರತೆ ತಿಳಿಯುವುದೂ ಕಷ್ಟ.

ಮೂಲವಾಗಿ ಸಿಡಿ ಅಥವಾ ಗುಣಮಟ್ಟ ಕಳೆಯದ ಫ್ಲ್ಯಾಕ್ ಕಡತ ಬಳಸಿ, ಫ್ಲ್ಯಾಕ್‌ನಲ್ಲೇ ಉಳಿಸಿ. ಎಂಪಿ3ಯನ್ನು ಮತ್ತೆ ಎಂಪಿ3 ಮಾಡಿದರೆ ಗೀರುಗಳ ಮೇಲೆ ಕಡ್ಡಿ ಎಳೆದು ನುಡಿಸುವ ಗುಯಿರೊದ ಕೆರೆತ ಮೊದಲು ಕೆಡುತ್ತದೆ.

ಇಳಿಸಿದ ಹಾಡು ಹಿತವೆನಿಸಿದರೆ ಕಾರಣ ಶ್ರುತಿಯೋ ನಿಧಾನವೋ? ತಿಳಿಯಬೇಕಿದ್ದರೆ ಇಲ್ಲಿ ಮಾತ್ರ 'ಚೇಂಜ್ ಪಿಚ್' ಪ್ರತಿ ಬೇಕು. ಮೂಲವನ್ನೂ 1 ಡೆಸಿಬೆಲ್ ತಗ್ಗಿಸಿ ಎರಡರ ಧ್ವನಿಮಟ್ಟ ಸಮ ಮಾಡಿ, ಯಾವುದು ಯಾವುದೆಂದು ಹೇಳದೆ ಬೇರೊಬ್ಬರಿಂದ ಹಾಕಿಸಿ ಕೇಳಿ. 432ಕ್ಕೆ ರೋಗ ವಾಸಿಮಾಡುವ ಗುಣವಿದೆ ಎಂಬ ಮಾತುಗಳನ್ನು ಬದಿಗಿಡಿ. ಒಂದೇ ಪಟ್ಟಿಯಲ್ಲಿ 440ರ ಹಾಡುಗಳನ್ನು ಬೆರೆಸಬೇಡಿ. ಎರಡರ ನಡುವೆ ದಾಟುವಾಗ ಪಿಯಾನೊ ಅಪಸ್ವರವೆನಿಸುತ್ತದೆ.