ಕಾಪರ್-ಟಿ 380ಎ: ಹೆಸರನ್ನು ಬಿಡಿಸಿ ಹೇಳಿದ ನನ್ನ ಅನುಭವ

ತಾಲ್ಲೂಕು ಆಸ್ಪತ್ರೆಯೊಂದರ ಹೆರಿಗೆ ವಾರ್ಡಿನಲ್ಲಿ ಶುಶ್ರೂಷಕಿಯಾಗಿರುವ ನನಗೆ ಗರ್ಭಿಣಿಯರಿಗೂ ಬಾಣಂತಿಯರಿಗೂ ಗರ್ಭನಿರೋಧಕಗಳ ಬಗ್ಗೆ ತಿಳಿಹೇಳುವುದು ನಿತ್ಯದ ಕೆಲಸ. ಅವುಗಳಲ್ಲಿ ಗರ್ಭಕೋಶದೊಳಗೆ ಅಳವಡಿಸುವ ಕಾಪರ್-ಟಿ ಎಂದೊಡನೆ ಎಷ್ಟೋ ಮಂದಿ ಮುಖ ತಿರುಗಿಸುತ್ತಾರೆ. ಹೆದರಬೇಡಿ ಎಂದು ಬರಿದೆ ಸಮಾಧಾನ ಹೇಳುವ ಬದಲು, ಮೊಹರು ಒಡೆಯದ ಪೊಟ್ಟಣವನ್ನು ಅವರ ಕೈಗೇ ಕೊಟ್ಟು, ಅದರ ಮೇಲಿರುವ ‘ಕಾಪರ್-ಟಿ 380ಎ’ ಎಂಬ ಪೂರ್ಣ ಹೆಸರನ್ನು ಬಿಡಿಸಿ ವಿವರಿಸುವ ಕ್ರಮವನ್ನು ನಾನು ರೂಢಿಸಿಕೊಂಡಿದ್ದೇನೆ.

ಪೊಟ್ಟಣದೊಳಗೆ ಕಾಣುವುದು ಇಂಗ್ಲಿಷಿನ ‘ಟಿ’ ಅಕ್ಷರದ ಆಕಾರದ, ಬಾಗಬಲ್ಲ ಪ್ಲಾಸ್ಟಿಕ್ಕಿನ ಪುಟ್ಟ ಸಾಧನ. ಉದ್ದ 36 ಮಿಲಿಮೀಟರ್, ಅಗಲ 32 ಮಿಲಿಮೀಟರ್. ಅದರ ಕಾಂಡಕ್ಕೆ ತಾಮ್ರದ ಸಣ್ಣ ತಂತಿಯನ್ನು ಸುತ್ತಿದ್ದು, ಎರಡು ತೋಳುಗಳಿಗೂ ತಾಮ್ರದ ಪುಟ್ಟ ಕೊಳವೆಗಳನ್ನು ತೊಡಿಸಿರುತ್ತಾರೆ. ತೋಳುಗಳ ಮೇಲೂ ತಾಮ್ರವಿದೆ ಎಂಬುದನ್ನೇ ಹೆಸರಿನ ಕೊನೆಯ ‘ಎ’ ಸೂಚಿಸುತ್ತದೆ. 380 ಎಂಬುದನ್ನು ದಿನಗಳ ಲೆಕ್ಕವೆಂದು ತಿಳಿದು, ‘ಹಾಗಾದರೆ ವರ್ಷದ ಮೇಲೆ ಹದಿನೈದು ದಿನ ಮಾತ್ರ ಬರುತ್ತದೆಯೇ’ ಎಂದು ಕೇಳಿದ ಗಂಡಂದಿರಿದ್ದಾರೆ. ಅದು ದಿನವೂ ಅಲ್ಲ, ತೂಕವೂ ಅಲ್ಲ. ಸಾಧನದ ಮೇಲಿರುವ ತಾಮ್ರದ ಮೇಲ್ಮೈ 380 ಚದರ ಮಿಲಿಮೀಟರ್ ಎಂದು ಅದರ ಅರ್ಥ. ತಾಮ್ರದ ಅಯಾನುಗಳು ಮೇಲ್ಮೈಯಿಂದಲೇ ಬಿಡುಗಡೆಯಾಗುವುದರಿಂದ ತೂಕಕ್ಕಿಂತ ಮೇಲ್ಮೈಯ ವಿಸ್ತಾರವೇ ಇಲ್ಲಿ ಮುಖ್ಯ. ಇದಕ್ಕೂ ಹಿಂದೆ ಬಳಕೆಯಲ್ಲಿದ್ದ ಕಾಪರ್-ಟಿ 200ರ ಹೆಸರಿನಲ್ಲಿದ್ದುದೂ ಇದೇ ಅಳತೆ.

ಇಷ್ಟು ತಿಳಿದ ಮೇಲೆ ಮುಂದಿನ ಪ್ರಶ್ನೆ ತಾನಾಗಿಯೇ ಬರುತ್ತದೆ. ‘ತಾಮ್ರ ಕರಗಿ ಮೈಗೆ ಸೇರಿದರೆ ವಿಷವಾಗುವುದಿಲ್ಲವೇ, ಸಿಸ್ಟರಮ್ಮ?’ ಎಂದು ಹೆಚ್ಚಾಗಿ ಕೇಳುವವರು ಸೊಸೆಯ ಜೊತೆ ಬಂದಿರುವ ಅತ್ತೆಯರು. ಕೇಳಬೇಕಾದ ಪ್ರಶ್ನೆಯೇ ಅದು. ದಿನವೊಂದಕ್ಕೆ ಬಿಡುಗಡೆಯಾಗುವ ತಾಮ್ರವು ನಾವು ಊಟದಲ್ಲಿ ಸೇವಿಸುವುದಕ್ಕಿಂತ ಬಹಳ ಕಡಿಮೆ. ಆದರೆ ಗರ್ಭಕೋಶದೊಳಗೆ ಅಷ್ಟೇ ಪ್ರಮಾಣವು ವೀರ್ಯಾಣುಗಳ ಚಲನೆಯನ್ನು ಕುಂದಿಸಿ, ಅವು ಅಂಡಾಣುವನ್ನು ಸೇರದಂತೆ ತಡೆಯಲು ಸಾಕಾಗುತ್ತದೆ. ಮುಖ್ಯವಾಗಿ ಇದು ಗರ್ಭ ಕಟ್ಟುವುದನ್ನೇ ತಡೆಯುತ್ತದೆಯೇ ಹೊರತು ಕಟ್ಟಿದ ಗರ್ಭವನ್ನು ಕೆಡಿಸುವ ಸಾಧನವಲ್ಲ ಎಂಬುದನ್ನು ಒತ್ತಿ ಹೇಳುತ್ತೇನೆ. ಇದರಲ್ಲಿ ಹಾರ್ಮೋನು ಇಲ್ಲದಿರುವುದರಿಂದ ಎದೆಹಾಲಿಗೆ ತೊಂದರೆಯಿಲ್ಲ. ಸಾಧನವು ಎದೆಗೆ ಏರಿಬಿಡುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ಅಪರೂಪಕ್ಕೆ ಅಳವಡಿಸುವಾಗ ಗರ್ಭಕೋಶದ ಗೋಡೆಗೆ ತೂತಾಗುವುದುಂಟು, ಅಂಥ ಸಂದರ್ಭದಲ್ಲಿ ಹುಡುಕಲು ಅನುಕೂಲವಾಗಲೆಂದೇ ಪ್ಲಾಸ್ಟಿಕ್ಕಿಗೆ ಬೇರಿಯಂ ಸಲ್ಫೇಟ್ ಬೆರೆಸಿ ಎಕ್ಸ್-ರೇಯಲ್ಲಿ ಕಾಣುವಂತೆ ಮಾಡಿರುತ್ತಾರೆ. ಇದನ್ನು ನಾನು ಮುಚ್ಚಿಡುವುದಿಲ್ಲ, ಏಕೆಂದರೆ ಮುಚ್ಚಿಟ್ಟದ್ದು ಬೇರೆಯವರ ಬಾಯಿಂದ ದೊಡ್ಡದಾಗಿ ಕೇಳಿಬರುತ್ತದೆ.

ಹಿರಿಯ ಹೆಂಗಸರು ಹಳೆಯ ಸಾಧನದ ನೆನಪಿನಲ್ಲಿ ಇದನ್ನು ಈಗಲೂ ‘ವಂಕಿ’ ಎಂದೇ ಕರೆಯುತ್ತಾರೆ. 1965ರಲ್ಲಿ ದೇಶದ ಕುಟುಂಬ ಯೋಜನೆಗೆ ಬಂದ ಲಿಪ್ಪಿಸ್ ಲೂಪ್ ಎಂಬ ಆ ಸಾಧನ ಬರಿಯ ಪ್ಲಾಸ್ಟಿಕ್ಕಿನ ಸುರುಳಿಯಾಗಿತ್ತು, ಅದರಲ್ಲಿ ತಾಮ್ರವಿರಲಿಲ್ಲ. ಆ ಕಾಲದ ರಕ್ತಸ್ರಾವದ ಕಥೆಗಳನ್ನು ಅತ್ತೆಯರು ಹೇಳುವಾಗ ನಾನು ಅಲ್ಲಗಳೆಯದೆ ಕೇಳಿಸಿಕೊಂಡು, ಸಾಧನ ಬದಲಾಗಿರುವುದನ್ನು ಪೊಟ್ಟಣ ತೋರಿಸಿ ಹೇಳುತ್ತೇನೆ. ಇದರಲ್ಲಿಯೂ ಮೊದಲ ಮೂರರಿಂದ ಆರು ತಿಂಗಳು ಮುಟ್ಟಿನ ಸ್ರಾವ ಮತ್ತು ಹೊಟ್ಟೆನೋವು ಹೆಚ್ಚಬಹುದೆಂಬುದನ್ನು ಮೊದಲೇ ತಿಳಿಸಿದರೆ, ಆಮೇಲೆ ಗಾಬರಿಯಿಂದ ತೆಗೆಸಲು ಬರುವವರು ಕಡಿಮೆಯಾಗುತ್ತಾರೆ.

ಹೆಚ್ಚು ಗೊಂದಲವಿರುವುದು ಅವಧಿಯ ವಿಷಯದಲ್ಲಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಎರಡು ಬಗೆಯ ಸಾಧನಗಳು ದೊರೆಯುತ್ತವೆ: 380ಎ ಹತ್ತು ವರ್ಷ, 375 ಐದು ವರ್ಷ ಕೆಲಸ ಮಾಡುತ್ತದೆ. ಎರಡು ಅಂಕಿಗಳ ನಡುವೆ ಅಂತರ ಕೇವಲ ಐದು, ಅವಧಿಯಲ್ಲಿ ಮಾತ್ರ ಅರ್ಧಕ್ಕರ್ಧ. ಆದ್ದರಿಂದ ಅಳವಡಿಸಿಕೊಂಡವರಿಗೆ ಕೊಡುವ ಕಾರ್ಡಿನಲ್ಲಿ ‘ಕಾಪರ್-ಟಿ’ ಎಂದಷ್ಟೇ ಬರೆಯುವುದು ಸಾಲದು. ಪೊಟ್ಟಣದ ಮೇಲಿನ ಎಕ್ಸ್‌ಪೈರಿ ದಿನಾಂಕವೂ ಬೇರೆಯೇ ವಿಷಯ: ಆ ದಿನಾಂಕದೊಳಗೆ ಅಳವಡಿಸಬೇಕು ಎಂದಷ್ಟೇ ಅದರ ಅರ್ಥ, ಅದರ ಹಿಂದಿನ ದಿನ ಅಳವಡಿಸಿದ 380ಎ ಕೂಡ ಪೂರ್ತಿ ಹತ್ತು ವರ್ಷ ಬಾಳುತ್ತದೆ. ಮೊಹರು ಒಡೆಯದ ಪೊಟ್ಟಣದಲ್ಲಿ ತಾಮ್ರ ಸ್ವಲ್ಪ ಕಪ್ಪಾಗಿದ್ದರೆ ಅದು ಕೆಟ್ಟಿದೆ ಎಂದಲ್ಲ.

ಹೆರಿಗೆಯ ನಂತರ 48 ಗಂಟೆಗಳೊಳಗೆ ಅಥವಾ ಆರು ವಾರಗಳ ಬಳಿಕ ಇದನ್ನು ಅಳವಡಿಸಬಹುದು. ಹೆರಿಗೆ ನೋವಿನಲ್ಲಿರುವವಳ ಬಳಿ ಮೊದಲ ಬಾರಿಗೆ ಒಪ್ಪಿಗೆ ಕೇಳುವುದು ಸರಿಯಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಮಾತುಕತೆ ಗರ್ಭಿಣಿಯ ತಪಾಸಣೆಯ ದಿನಗಳಲ್ಲೇ ನಡೆಯಬೇಕು. ನೆತ್ತಿನೀರು (ಗರ್ಭದಲ್ಲಿ ಮಗುವಿನ ಸುತ್ತ ಇರುವ ನೀರು) ಹೋಗಿ 18 ಗಂಟೆ ಮೀರಿದ್ದರೆ, ಸೋಂಕಿನ ಲಕ್ಷಣವಿದ್ದರೆ, ಹೆರಿಗೆಯ ನಂತರದ ರಕ್ತಸ್ರಾವ ಹತೋಟಿಗೆ ಬಾರದಿದ್ದರೆ ಆಗ ಅಳವಡಿಸುವುದಿಲ್ಲ. ಹೆರಿಗೆಯಾದೊಡನೆ ಅಳವಡಿಸಿದ್ದು ಜಾರಿ ಹೊರಬರುವ ಸಂಭವ ಸ್ವಲ್ಪ ಹೆಚ್ಚಾದುದರಿಂದ ಆರನೆಯ ವಾರದ ತಪಾಸಣೆಯನ್ನು ತಪ್ಪಿಸಬಾರದೆಂದು ಹೇಳಿ ಕಳುಹಿಸುತ್ತೇನೆ. ಲೈಂಗಿಕ ಸೋಂಕುಗಳಿಂದ ಇದು ರಕ್ಷಿಸುವುದಿಲ್ಲ, ಅದಕ್ಕೆ ಕಾಂಡೋಮ್ ಬೇಕೇ ಬೇಕು. ಮಗು ಬೇಕೆನಿಸಿದರೆ ಅವಧಿ ಮುಗಿಯುವವರೆಗೆ ಕಾಯಬೇಕಾಗಿಲ್ಲ. ಯಾವಾಗ ಬೇಕಾದರೂ ಆಸ್ಪತ್ರೆಯಲ್ಲಿ ತೆಗೆಸಿಕೊಳ್ಳಬಹುದು. ಕಾರ್ಡಿನಲ್ಲಿ ಸಾಧನದ ಪೂರ್ಣ ಹೆಸರು, ಅಳವಡಿಸಿದ ದಿನ, ತೆಗೆಸಬೇಕಾದ ವರ್ಷ ಮೂರನ್ನೂ ಕನ್ನಡದಲ್ಲಿ ದಪ್ಪಕ್ಷರಗಳಲ್ಲಿ ಬರೆದು, ಅವಳಿಂದಲೇ ಒಮ್ಮೆ ಓದಿಸಿ ಕೊಡುತ್ತೇನೆ. ಓದು ಬಾರದವರಿಗೆ ನಾನೇ ಓದಿ ಹೇಳಿ, ಅವರ ಊರಿನ ಆಶಾ ಕಾರ್ಯಕರ್ತೆಯ ಪುಸ್ತಕದಲ್ಲಿಯೂ ಅದೇ ವಿವರ ಬರೆಸುತ್ತೇನೆ.