ಇನ್ನೋವಾ, ಹಳೇ ಬೆಂಜ್ ಎರಡನ್ನೂ ಚಾರ್ಮಾಡಿ ಹತ್ತಿಸಿ ನೋಡಿದೆ

ಮನೆಯಲ್ಲಿ ಮೊದಲೇ ಇದ್ದದ್ದು 2005ರ ಡೀಸೆಲ್ ಇನ್ನೋವಾ, ನಮ್ಮ ಬಿಡದಿಯ ಟೊಯೋಟಾ ಕಾರ್ಖಾನೆಯದ್ದು. ಆಮೇಲೆ ಸೋದರಮಾವನಿಂದ ಬಂದದ್ದು 1996ರ ಬೆಂಜ್ ಇ250 ಡೀಸೆಲ್. ಶೆಡ್‌ನಲ್ಲಿ ಒಂದಕ್ಕೇ ಜಾಗ. ಯಾವುದನ್ನು ಇಟ್ಟುಕೊಳ್ಳುವುದು?

ಪುಸ್ತಕದಲ್ಲಿ ನೋಡಿದರೆ ಎರಡೂ ಅಣ್ಣತಮ್ಮಂದಿರು. ಇನ್ನೋವಾ 2494 ಸಿಸಿ, ಬೆಂಜ್ 2497. ಎರಡರಲ್ಲೂ ಹಿಂದಿನ ಚಕ್ರಕ್ಕೇ ಎಂಜಿನ್ನಿನ ಎಳೆತ. ಅದಕ್ಕೇ ಅಂಕಿಸಂಖ್ಯೆ ಬದಿಗಿಟ್ಟು, ಅದೇ ಜನ, ಅದೇ ಲಗೇಜು ತುಂಬಿಸಿ ಉಜಿರೆಯಿಂದ ಕೊಟ್ಟಿಗೆಹಾರಕ್ಕೆ ಎರಡನ್ನೂ ಓಡಿಸಿದೆ. ಹೊರಡುವ ಮುಂಚೆ ಟ್ಯಾಂಕ್ ಫುಲ್, ಬಂದ ಮೇಲೆ ಅದೇ ಬಂಕ್‌ನಲ್ಲಿ ಮತ್ತೆ ಫುಲ್. ಮೈಲೇಜ್‌ನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ.

ಘಾಟಿಯಲ್ಲಿ ಇನ್ನೋವಾದ ಟರ್ಬೊ, ಅಂದರೆ ಎಂಜಿನ್ನಿಗೆ ಹೆಚ್ಚು ಗಾಳಿ ಒತ್ತಿ ತುಂಬುವ ಸಾಧನ, ಕೆಲಸಕ್ಕೆ ಬಂತು. ತಿರುವು ಮುಗಿಯುತ್ತಿದ್ದಂತೆ ಎಳೆಯುತ್ತದೆ. ಬೆಂಜ್‌ಗೆ ಐದು ಸಿಲಿಂಡರ್ ಇದ್ದರೂ ಟರ್ಬೊ ಇಲ್ಲ, ಗೇರ್ ಇಳಿಸಲೇಬೇಕು. ಆದರೆ ಗುಂಡಿ ಬಿದ್ದ ಕಡೆ ಬೆಂಜ್‌ನ ಸಸ್ಪೆನ್ಷನ್ ಇದೆಯಲ್ಲ, ಅದರ ಗತ್ತೇ ಬೇರೆ! ಹಿಂದಿನ ಒಂದೊಂದು ಚಕ್ರವನ್ನೂ ಹಿಡಿದಿಡಲು ಐದೈದು ಲಿಂಕ್, ಅಂದರೆ ಸರಳುಗಳು. ಒಂದು ಚಕ್ರ ಗುಂಡಿಗೆ ಇಳಿದರೂ ಇನ್ನೊಂದಕ್ಕೆ ಗೊತ್ತಾಗುವುದಿಲ್ಲ. ಇನ್ನೋವಾದಲ್ಲಿ ಹಿಂದಿನ ಎರಡು ಚಕ್ರ ಸೇರಿಸುವ ಇಡೀ ಆ್ಯಕ್ಸಲ್ ಒಟ್ಟಿಗೇ ಕುಲುಕುತ್ತದೆ. ಜನ ತುಂಬಿದರೆ ಸ್ವಲ್ಪ ಮೆತ್ತಗಾಗುತ್ತದೆ.

ಮಳೆ ಬಂದಾಗ ಬೆಂಜ್‌ನ ಒಂಟಿ ವೈಪರ್ ನೋಡಬೇಕು. ಸುಮ್ನೆ ಅರ್ಧಚಂದ್ರಾಕಾರ ತಿರುಗುವುದಿಲ್ಲ. ಮೂಲೆ ಹತ್ತಿರ ಬಂದಾಗ ಕೈ ಚಾಚಿದ ಹಾಗೆ ಮುಂದಕ್ಕೆ ಹೋಗಿ, ಒರೆಸಿ, ಒಳಗೆ ಬರುತ್ತದೆ. ಅದನ್ನೇ ನೋಡುತ್ತಾ ರಸ್ತೆ ಮರೆತರೆ ಕಷ್ಟ.

ಆದರೆ ಕೊಟ್ಟಿಗೆಹಾರದಲ್ಲಿ ನೀರುದೋಸೆಗೆ ಇಳಿಯುವಾಗ ಅಮ್ಮನ ಮಂಡಿನೋವು ತೀರ್ಪು ಕೊಟ್ಟಿತು. ಬೆಂಜ್‌ನ ಸೀಟು ತಗ್ಗು, ಕೈ ಹಿಡಿದು ಎಬ್ಬಿಸಬೇಕು. ಇನ್ನೋವಾದಲ್ಲಿ ಕುರ್ಚಿಯಿಂದ ಎದ್ದ ಹಾಗೆ ಎದ್ದು ನಿಂತರು. ಇನ್ನು ಬೆಂಜ್‌ನ ಹಿಂದೆ ನಡುವೆ ಕೂತವನ ಕಾಲಡಿ ದೊಡ್ಡ ದಿಬ್ಬ. ಯಾರನ್ನು ಕೂರಿಸಿದರೂ ಬೈಗುಳ ನನಗೇ.

ಖರ್ಚಿನ ವಿಷಯ: ಇನ್ನೋವಾದ ಟೈಮಿಂಗ್ ಬೆಲ್ಟ್ (ಎಂಜಿನ್ನಿನ ವಾಲ್ವ್‌ಗಳನ್ನು ಸರಿಯಾದ ಹೊತ್ತಿಗೆ ಆಡಿಸುವ ಪಟ್ಟಿ) ಕಾಲಕಾಲಕ್ಕೆ ಬದಲಿಸಲೇಬೇಕು, ಬೆಂಜ್‌ಗೆ ಅದರ ಬದಲು ಚೈನ್. ಆ ಖುಷಿ ಬೆಂಜ್‌ನ ಸಸ್ಪೆನ್ಷನ್ ಕೀಲುಗಳ ರಬ್ಬರ್ ಬುಶ್‌ಗಳ ಬೆಲೆ ಕೇಳುವವರೆಗೆ ಮಾತ್ರ. ಇನ್ನೋವಾದ ಸಾಮಾನು ಬೆಂಗಳೂರಿನ ಜೆ.ಸಿ. ರೋಡಿನಲ್ಲಿ ಕೇಳಿದ ಕೂಡಲೇ ಸಿಗುತ್ತದೆ. ಬೆಂಜ್‌ದಕ್ಕೆ ಫೋನ್ ಮಾಡಿ ಕಾಯಬೇಕು.

ಒಂದೇ ಇರಲಿ ಅಂದರೆ ನಾನು ಇನ್ನೋವಾ ಅಂತೀನಿ, ಮನಸ್ಸಿಲ್ಲದಿದ್ದರೂ. ಸದ್ಯಕ್ಕೆ ಎರಡೂ ಇವೆ. ಶೆಡ್ ಬೆಂಜ್‌ಗೆ, ಟಾರ್ಪಾಲು ಇನ್ನೋವಾಕ್ಕೆ. ಎರಡಕ್ಕೂ ಐದೈದು ವರ್ಷಕ್ಕೆ ಆರ್‌ಸಿ ನವೀಕರಿಸಬೇಕು. ಬೆಂಜ್ ಪುಣೆಯಲ್ಲೇ ಜೋಡಿಸಿದ್ದು, ಹಾಗಾಗಿ ಆಮದು ಗಾಡಿಯ ದುಬಾರಿ ನವೀಕರಣ ಶುಲ್ಕ ಕಟ್ಟಬೇಕಿಲ್ಲ. ಅದೂ ಇದ್ದಿದ್ದರೆ ಮನೆಯವಳು ಯಾವತ್ತೋ ಮಾರಿಸಿಬಿಡುತ್ತಿದ್ದಳು.